ಕಾಗದ ಸುತ್ತಿದ ಗುಂಡು, ಎರಡು ಮಾರ್ಕಿನ ಉತ್ತರ

ಭಾಗ 1/8

"1857ರ ದಂಗೆಗೆ ತಕ್ಷಣದ ಕಾರಣವೇನು?"

ಹೈಸ್ಕೂಲಲ್ಲಿ ನಾವೆಲ್ಲ ಬರೆದಿದ್ದೀವಿ. ಹೊಸ ಎನ್‌ಫೀಲ್ಡ್ ಬಂದೂಕಿನ ತೋಟಾಗಳಿಗೆ ಹಸು ಮತ್ತು ಹಂದಿಯ ಕೊಬ್ಬು ಸವರಿದ್ದಾರೆಂಬ ಸುದ್ದಿ ಹಬ್ಬಿತು. ಸಿಪಾಯಿಗಳು ಅದನ್ನು ಕಚ್ಚಲು ಒಪ್ಪಲಿಲ್ಲ. ಅಲ್ಲಿಗೆ ಮುಗೀತು. ಎರಡು ಮಾರ್ಕ್ಸ್. ಮುಂದಿನ ಪ್ರಶ್ನೆ.

ಹೋದ ವಾರ ವರ್ಕ್‌ಶಾಪ್ ಹೊರಗೆ ಟೀ ಕುಡೀತಾ ನಿಂತಿದ್ದಾಗ ಈ ಮಾತು ಬಂತು. ನಮ್ಮವನೇ ಒಬ್ಬ ಅಂದ: "ಗುರು, ಒಂದು ಚೂರು ಗ್ರೀಸ್‌ಗೆ ದಂಗೆ ಎದ್ರು ಅಂದ್ರೆ ಎಂಥ ದಡ್ಡರಿರಬೇಕು! ಒರೆಸಿ ಲೋಡ್ ಮಾಡಿದ್ರೆ ಆಗ್ತಿರಲಿಲ್ವಾ?" ಎಲ್ಲರೂ ನಕ್ಕರು. ಸುಳ್ಳು ಯಾಕೆ ಹೇಳಲಿ, ನಾನೂ ನಕ್ಕೆ.

ರಾತ್ರಿ ಮನೆಗೆ ಬಂದೆ. ಅಪ್ಪ ಊಟಕ್ಕೆ ಕೂತಿದ್ರು. ಚಮಚದಲ್ಲಿ ಮುದ್ದೆ ಮುರೀತಿದ್ರು. ನನ್ನ ನಗು ಅಲ್ಲೇ ಸತ್ತೋಯ್ತು.

ಚಮಚಕ್ಕೂ 1857ಕ್ಕೂ ಏನು ಸಂಬಂಧ? ಆರನೇ ಭಾಗದಲ್ಲಿ ಹೇಳ್ತೀನಿ. ಈಗಲೇ ನನ್ನ ವಾದ ಇಟ್ಟುಬಿಡ್ತೀನಿ, ಒಪ್ಪದವರು ಕಾಮೆಂಟಲ್ಲಿ ಜಗಳಕ್ಕೆ ಬನ್ನಿ: ಆ ಸಿಪಾಯಿಗಳು ದಡ್ಡರಲ್ಲ. ತಮ್ಮ ಕೈಗೆ ಕೊಟ್ಟ ವಸ್ತುವಿನಲ್ಲಿ ಏನಿದೆ ಅಂತ ಕೇಳಿದವರು. ದಡ್ಡತನ ಇದ್ದದ್ದು ಉತ್ತರ ಹೇಳಬೇಕಾಗಿದ್ದವರ ಕಡೆ.

ಭಾಗ 2/8

ಕೊಬ್ಬಿನ ಮಾತು ಆಮೇಲೆ. ಮೊದಲು ಕಾಗದ. ಗುಂಡಿಗೆ ಕಾಗದ ಯಾಕೆ ಸುತ್ತಬೇಕು? ಇದನ್ನು ಯಾವ ಮೇಷ್ಟ್ರೂ ನಮಗೆ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಮೆಕ್ಯಾನಿಕಲ್‌ನವರು ಗಮನ ಕೊಡಿ, ಇದು ನಮ್ಮದೇ ಸಿಲಬಸ್. ಹಳೆಯ ಮಸ್ಕೆಟ್‌ನ ನಳಿಗೆ ಒಳಗೆ ನುಣ್ಣಗಿತ್ತು. ದುಂಡು ಗುಂಡು ಸಡಿಲವಾಗಿ ಒಳಗೆ ಜಾರುತ್ತಿತ್ತು, ಹೊಡೆದಾಗ ಅತ್ತಿತ್ತ ಬಡಿದುಕೊಂಡು ಹೊರಗೆ ಬರುತ್ತಿತ್ತು. ನೂರು ಗಜ ದಾಟಿದರೆ ಗುರಿ ದೇವರ ಮೇಲೆ ಭಾರ. ರೈಫಲ್‌ನ ನಳಿಗೆಯಲ್ಲಿ ಸುರುಳಿ ಗಾಡಿಗಳಿರುತ್ತವೆ. ಗುಂಡು ಅವನ್ನು ಕಚ್ಚಿಕೊಂಡು ಬಂದರೆ ಬುಗುರಿಯ ಹಾಗೆ ತಿರುಗುತ್ತಾ ನೇರ ಹೋಗುತ್ತೆ.

ಆದರೆ ಇದು ಬಾಯಿಂದ ತುಂಬುವ ಕೋವಿ. ಅಂದರೆ ಗುಂಡು ಒಳಗೆ ಹೋಗುವಾಗ ಕ್ಲಿಯರೆನ್ಸ್ ಫಿಟ್ ಬೇಕು, ಹೊರಗೆ ಬರುವಾಗ ಇಂಟರ್‌ಫಿಯರೆನ್ಸ್ ಫಿಟ್ ಬೇಕು. ಒಂದೇ ಪಾರ್ಟಿಗೆ ಎರಡು ಫಿಟ್! ಡ್ರಾಯಿಂಗ್ ಕ್ಲಾಸಲ್ಲಿ ಹೀಗೆ ಬರೆದರೆ ಸರ್ ಹಾಳೆ ಹರಿದು ಕೈಗೆ ಕೊಡ್ತಾರೆ.

1853ರ ಮಾದರಿಯ ಎನ್‌ಫೀಲ್ಡ್ ಇದನ್ನು ಬಗೆಹರಿಸಿದ್ದು ಹೀಗೆ. ನಳಿಗೆಯ ಒಳವ್ಯಾಸ 0.577 ಇಂಚು. ಮೆತ್ತನೆಯ ಸೀಸದ ಗುಂಡು 0.568 ಇಂಚು. ಅಂತರ 0.009 ಇಂಚು, ನಮ್ಮ ಲೆಕ್ಕದಲ್ಲಿ ಸುಮಾರು 0.23 ಮಿ.ಮೀ. ಆ ಅಂತರವನ್ನು ತುಂಬುವುದು ಗುಂಡಿಗೆ ಸುತ್ತಿದ ಕಾಗದ. ಮದ್ದು ಹೊತ್ತಿದಾಗ ಗುಂಡಿನ ಟೊಳ್ಳಾದ ಬುಡ ಅನಿಲದ ಒತ್ತಡಕ್ಕೆ ಅಗಲವಾಗುತ್ತೆ, ಕಾಗದದ ಸಮೇತ ಗಾಡಿಗೆ ಒತ್ತಿಕೊಳ್ಳುತ್ತೆ. ಸೀಸ ಕಬ್ಬಿಣಕ್ಕೆ ಅಂಟದ ಹಾಗೆ ಕಾಗದ ನಡುವೆ ನಿಂತಿರುತ್ತೆ. ನಳಿಗೆಯ ಬಾಯಿ ದಾಟಿದ ಕೂಡಲೇ ಚೂರುಚೂರಾಗಿ ಉದುರಿಹೋಗುತ್ತೆ.

ಎಂಥ ತಲೆ ಅಲ್ವಾ? ಎಂಜಿನಿಯರಿಂಗ್‌ಗೆ ನಾನು ಸಲಾಂ ಹೊಡೀತೀನಿ. ನನ್ನ ಜಗಳ ಎಂಜಿನಿಯರ್ ಜೊತೆ ಅಲ್ಲ.

ಭಾಗ 3/8

ಈಗ ಗ್ರೀಸ್.

ಕಪ್ಪು ಮದ್ದು ಅಂದರೆ ಪೆಟ್ಲುಪ್ಪು, ಇದ್ದಿಲು, ಗಂಧಕ. ಅದು ಪೂರ್ತಿ ಹೊಗೆಯಾಗಿ ಹೋಗೋದಿಲ್ಲ. ತೂಕದ ಅರ್ಧಕ್ಕಿಂತ ಹೆಚ್ಚು ಭಾಗ ಘನರೂಪದಲ್ಲೇ ಉಳಿಯುತ್ತೆ. ಒಂದಷ್ಟು ಬಿಳಿ ಹೊಗೆಯ ಜೊತೆ ಹಾರುತ್ತೆ, ಮಿಕ್ಕಿದ್ದು ನಳಿಗೆಯ ಒಳಗೆ ಮಸಿಯಾಗಿ ಕೂತು ಗಟ್ಟಿಯಾಗುತ್ತೆ. ಹತ್ತಿಪ್ಪತ್ತು ಗುಂಡು ಹೊಡೆದ ಮೇಲೆ ಮುಂದಿನ ಗುಂಡು ಒಳಗೆ ಇಳಿಯೋದೇ ಕಷ್ಟ. ಅದಕ್ಕೇ ಕಾಗದದ ಹೊರಗೆ ಪ್ರಾಣಿಕೊಬ್ಬು ಮತ್ತು ಮೇಣ ಸವರುತ್ತಿದ್ದರು. ಮಸಿ ಮೆತ್ತಗಿರಲಿ, ಗುಂಡು ಜಾರಲಿ ಅಂತ.

ನಮ್ಮ ಕ್ಲಾಸಿನ ಕೊಡಗಿನ ಹುಡುಗನ ಮನೆಗೆ ಹೋದ ವರ್ಷ ಕೈಲ್ ಪೊಳ್ದ್ ಹಬ್ಬಕ್ಕೆ ಹೋಗಿದ್ವಿ (ಎರಡನೇ ಫೋಟೋ ಅಲ್ಲಿಯದ್ದೇ). ದೇವರ ಮುಂದೆ ಇಟ್ಟು ಹೂವು ಏರಿಸಿದ್ದ ಒಂಟಿ ನಳಿಗೆಯ ಕೇಪಿನ ಕೋವಿ ನೆನಪಿದೆಯಾ? ಪೂಜೆ ಮುಗಿದ ಮೇಲೆ ಅವನ ಅಜ್ಜ ಅದನ್ನು ಹೇಗೆ ತುಂಬೋದು ಅಂತ ಬಾಯಲ್ಲೇ ಹೇಳಿಕೊಟ್ರು. ಮೊದಲು ಮದ್ದು. ಅದರ ಮೇಲೆ ತೆಂಗಿನ ನಾರು. ಆಮೇಲೆ ಗುಂಡು ಅಥವಾ ಚರೆ. ಮತ್ತೆ ನಾರು. ಉದ್ದ ಸಲಾಕೆಯಲ್ಲಿ ಒತ್ತಬೇಕು. ಹೊಡೆದಾದ ಮೇಲೆ ಬಿಸಿನೀರು ಹಾಕಿ ತೊಳೆಯದಿದ್ದರೆ ಮಸಿ ತೇವ ಎಳೆದುಕೊಂಡು ನಳಿಗೆ ತಿಂದುಬಿಡುತ್ತೆ.

ನಾನು ಕೇಳಿದೆ, "ನಾರೇ ಯಾಕೆ ಅಜ್ಜ?"

"ನಮ್ಮ ತೋಟದ್ದು ಕಣಪ್ಪ. ಎಲ್ಲಿಂದ ಬಂತು, ಎಷ್ಟು ಒಣಗಿದೆ, ನಂಗೊತ್ತು."

ಈ ಮಾತು ನೆನಪಿಟ್ಟುಕೊಳ್ಳಿ. ಕೋವಿಯೊಳಗೆ ಏನು ಹೋಗ್ತಿದೆ, ಎಲ್ಲಿಂದ ಬಂತು ಅನ್ನೋದು ಅಜ್ಜನಿಗೆ ಗೊತ್ತು. 1857ರ ಸಿಪಾಯಿಗೆ ಗೊತ್ತಿರಲಿಲ್ಲ. ಇಡೀ ವ್ಯತ್ಯಾಸ ಇಷ್ಟೇ.

ಭಾಗ 4/8

"ಮಸ್ಕೆಟ್ ಕಾಲದಿಂದಲೂ ಸಿಪಾಯಿಗಳು ಕಾಗದದ ತೋಟಾ ಕಚ್ಚುತ್ತಲೇ ಇದ್ದರಲ್ಲ, ಈಗ ಮಾತ್ರ ಏನಾಯ್ತು?" ಅಂತ ಕೇಳಬಹುದು. ಕೇಳಲೇಬೇಕು. ಹೌದು, ಕಚ್ಚುತ್ತಿದ್ದರು. ತುದಿ ಕಚ್ಚಿ ಹರಿ, ಮದ್ದು ಸುರಿ, ಗುಂಡು ತಳ್ಳು. ವರ್ಷಗಟ್ಟಲೆ ಮಾಡಿದ ಕೆಲಸ, ಯಾರೂ ತಕರಾರು ಎತ್ತಿರಲಿಲ್ಲ. ಹೊಸದಾಗಿ ಬಂದದ್ದು ಆ ಗ್ರೀಸು. ಅದೇನು ಅಂತ ಯಾರೂ ಹೇಳಲಿಲ್ಲ.

"ಗ್ರೀಸ್ ಇದ್ದದ್ದು ಗುಂಡಿನ ತುದಿಗೆ, ಕಚ್ಚುತ್ತಿದ್ದದ್ದು ಇನ್ನೊಂದು ತುದಿ" ಅಂತ ವಾದ ಮಾಡೋರೂ ಇದ್ದಾರೆ. ಸರಿ. ಉತ್ತರ ಭಾರತದ ಬಿಸಿಲಲ್ಲಿ, ಸೊಂಟದ ಚೀಲದೊಳಗೆ ಒತ್ತೊತ್ತಾಗಿ ತುಂಬಿದ ಕೊಬ್ಬು ಹೇಳಿದ ಜಾಗದಲ್ಲೇ ಕೂತಿರುತ್ತಾ? ನಿಮ್ಮ ಬ್ಯಾಗಲ್ಲಿ ಒಂದು ಚಾಕೊಲೇಟ್ ಇಟ್ಟುಕೊಂಡು ಮಧ್ಯಾಹ್ನ ಮೆಜೆಸ್ಟಿಕ್‌ನಿಂದ ಪೀಣ್ಯಕ್ಕೆ ಬಸ್ಸಲ್ಲಿ ಬನ್ನಿ, ಆಮೇಲೆ ಮಾತಾಡೋಣ.

ಈಗ ಸಿಟ್ಟು ಬರುವ ವಿಷಯ. ಇದು ಗೊತ್ತಿಲ್ಲದೆ ಆದ ತಪ್ಪಲ್ಲ. 1853ರಲ್ಲೇ, ಅಂದರೆ ಮೂರೂವರೆ ವರ್ಷ ಮೊದಲೇ, ಬಂಗಾಳ ಸೈನ್ಯದ ಅಡ್ಜುಟೆಂಟ್ ಜನರಲ್ ಆಗಿದ್ದ ಕರ್ನಲ್ ಟಕ್ಕರ್ ಲಿಖಿತವಾಗಿ ಎಚ್ಚರಿಸಿದ್ದ: ಗ್ರೀಸಿನಲ್ಲಿ ಸಿಪಾಯಿಗಳ ಧರ್ಮಕ್ಕೆ ಅಡ್ಡಿಯಾಗುವಂಥದ್ದು ಇಲ್ಲ ಅಂತ ಖಚಿತವಾಗದೆ ಇದನ್ನು ಅವರ ಕೈಗೆ ಕೊಡಬೇಡಿ. ಕಾಗದ ಮೇಲಕ್ಕೆ ಹೋಯ್ತು. ಫೈಲು ಸೇರಿತು. ಮುಂದೆ ವಿಚಾರಣೆ ನಡೆದಾಗ ಹೊರಬಿದ್ದದ್ದು ಇಷ್ಟು: ಆ ಕೊಬ್ಬು ಯಾವ ಪ್ರಾಣಿಯದು ಅಂತ ಯಾರೂ ವಿಶೇಷ ಎಚ್ಚರಿಕೆ ವಹಿಸಿಯೇ ಇರಲಿಲ್ಲ.

ಗಮನಿಸಿ. "ಇದರಲ್ಲಿ ಏನಿದೆ?" ಅಂತ ಸಿಪಾಯಿ ಕೇಳಿದಾಗ ಅಧಿಕಾರಿಯ ಬಳಿ ಕೊಡೋಕೆ ಉತ್ತರವೇ ಇರಲಿಲ್ಲ. ಮುಚ್ಚಿಟ್ಟಿದ್ದರು ಅಂತಲೂ ಅಲ್ಲ. ತಿಳಿದುಕೊಳ್ಳುವುದು ಮುಖ್ಯ ಅಂತಲೇ ಯಾರಿಗೂ ಅನ್ನಿಸಿರಲಿಲ್ಲ. ನನಗೆ ಇದು ಮೋಸಕ್ಕಿಂತ ದೊಡ್ಡ ಅವಮಾನ ಅನ್ನಿಸುತ್ತೆ.

ಭಾಗ 5/8

ಆಮೇಲೆ ಅಧಿಕಾರಿಗಳು ಸರಿಪಡಿಸೋಕೆ ಓಡಾಡಿದರು. ಜನವರಿ 1857ರ ಕೊನೆಗೆ ಆದೇಶ ಬಂತು: ತೋಟಾ ಗ್ರೀಸ್ ಇಲ್ಲದೆ ಕೊಡಿ, ಸಿಪಾಯಿಗಳೇ ತಮಗೆ ಬೇಕಾದ್ದನ್ನು ಸವರಿಕೊಳ್ಳಲಿ. ಮುಂದೆ ಡ್ರಿಲ್ ಕೂಡ ಬದಲಾಯ್ತು: ಹಲ್ಲಿನಿಂದ ಬೇಡ, ಕೈಯಿಂದ ಹರಿಯಿರಿ.

ಮುಗೀತಲ್ಲ ಸಮಸ್ಯೆ? ಇಲ್ಲ. ಅಷ್ಟರಲ್ಲಿ ಅನುಮಾನ ಕೊಬ್ಬನ್ನು ಬಿಟ್ಟು ಕಾಗದಕ್ಕೆ ಹತ್ತಿಕೊಂಡಿತ್ತು. ಕಾಗದ ಹೊಳೀತಿದೆ, ಸುಟ್ಟರೆ ಚಿರ್ ಅನ್ನುತ್ತೆ, ಒಳಗೆ ಏನೋ ಇದೆ ಅಂದರು. ಫೆಬ್ರವರಿಯಲ್ಲಿ ಬೆಹ್ರಾಂಪುರದ 19ನೇ ಪದಾತಿ ದಳ ಬೇಡ ಅಂದದ್ದು ಹಳೆಯ ಮಸ್ಕೆಟ್ಟಿನ ತೋಟಾಗಳನ್ನೇ. ಕಾಗದದ ಬಣ್ಣದಲ್ಲಿ ವ್ಯತ್ಯಾಸ ಕಂಡಿತ್ತು ಅಂತ. ಏಪ್ರಿಲ್ 24ರಂದು ಮೀರತ್‌ನಲ್ಲಿ 3ನೇ ಅಶ್ವದಳದ 90 ಜನರ ಮುಂದೆ ತೋಟಾ ಇಟ್ಟರು. ಅದೂ ಹಳೆಯ ನಮೂನೆಯದ್ದೇ. 85 ಜನ ಮುಟ್ಟಲಿಲ್ಲ. ಮೇ 9ರಂದು ಅವರಿಗೆ ಎಲ್ಲರ ಎದುರು ಬೇಡಿ ತೊಡಿಸಿದರು. ಮೇ 10ರ ಸಂಜೆ ಏನಾಯ್ತು ಅನ್ನೋದು ನಿಮ್ಮ ಎರಡು ಮಾರ್ಕಿನ ಉತ್ತರದಲ್ಲಿದೆ.

ಅವಧ್ ನುಂಗಿದ್ದು, ಸಮುದ್ರ ದಾಟಿ ಸೇವೆಗೆ ಹೋಗಬೇಕೆಂಬ ಹೊಸ ನಿಯಮ, ಸಂಬಳದ ಸಿಟ್ಟು, ಎಲ್ಲವೂ ಕಾರಣಗಳೇ. ಕೊಬ್ಬೊಂದೇ ಅಂತ ನಾನು ಹೇಳ್ತಿಲ್ಲ. ಆದರೆ ಮೊದಲ ದಿನವೇ ಕೊಡಬೇಕಾದ ಉತ್ತರ ತಡವಾಗಿ ಬಂದರೆ, ಅದು ನಿಜವಾಗಿದ್ದರೂ ಯಾರೂ ನಂಬಲ್ಲ.

ಇದೆಲ್ಲ ಉತ್ತರದ ಕಥೆ, ನಮಗೇನು ಅನ್ನಬೇಡಿ. ಅದೇ ವರ್ಷ ಕಂಪನಿ ಸರ್ಕಾರ ಆಯುಧಗಳ ಮೇಲೆ ಕಾಯ್ದೆ ತಂದಿತು. ನವೆಂಬರ್‌ನಲ್ಲಿ ನಮ್ಮ ಮುಧೋಳದ ಹಲಗಲಿಯ ಬೇಡರು ಆಯುಧ ಒಪ್ಪಿಸಲ್ಲ ಅಂದರು. ಬೇಟೆ, ಸೈನ್ಯದ ಚಾಕರಿ ಇವೇ ಬದುಕಾಗಿದ್ದ ಜನ. ಸೈನ್ಯ ಬಂದು ಊರು ಸುಟ್ಟಿತು, ಹಿಡಿದವರನ್ನು ಗಲ್ಲಿಗೇರಿಸಿತು. ಜನ ಅವರ ಮೇಲೆ ಲಾವಣಿ ಕಟ್ಟಿ ಹಾಡಿದರು. ಇನ್ನೊಂದು ಕಡೆ, 1861ರಲ್ಲಿ ಅದೇ ಕಾಯ್ದೆಯಿಂದ ಕೊಡವರಿಗೆ ವಿನಾಯಿತಿ ಸಿಕ್ಕಿತು. ಕೊಟ್ಟವನು ನಾವು ಸೆಲ್ಫಿ ತೆಗೆಯೋ ಕಬ್ಬನ್ ಪಾರ್ಕ್‌ನ ಮಾರ್ಕ್ ಕಬ್ಬನ್. ಆ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷ ಮುಂದುವರಿಸಿತು. ಅಜ್ಜನ ಕೋವಿ ಇಂದಿಗೂ ಮನೆಯಲ್ಲಿರೋದು ಹಾಗೆ. ಯಾರ ಕೈಯನ್ನು ನಂಬಬೇಕು, ಯಾರ ಕೈಯನ್ನು ಕಟ್ಟಬೇಕು ಅಂತ ಮೇಲೆ ಕೂತವನು ತೀರ್ಮಾನ ಮಾಡ್ತಾನೆ. ಆ ಕೈಯವನನ್ನು ಯಾರೂ ಕೇಳೋದಿಲ್ಲ.

ಭಾಗ 6/8

ಈ ಫೋಟೋದಲ್ಲಿರೋದು ಅಪ್ಪನ ಬಲಗೈ. ಅವರನ್ನು ಕೇಳಿಯೇ ಹಾಕಿದ್ದೀನಿ.

ಪೀಣ್ಯ ಎರಡನೇ ಹಂತದ ಒಂದು ಶೆಡ್ಡಲ್ಲಿ ಅಪ್ಪ 19 ವರ್ಷ ಲೇತ್ ಮತ್ತು ಗ್ರೈಂಡಿಂಗ್ ಮೆಷಿನ್ ಮೇಲೆ ಕೆಲಸ ಮಾಡಿದ್ರು. ಹೆಸರು ಬೇಡ, ಹೆಸರು ಮುಖ್ಯವಲ್ಲ, ಅಂಥವು ಸಾವಿರ ಇವೆ. ಮೆಷಿನ್ ಮೇಲೆ ದಿನವಿಡೀ ಹಾಲಿನಂಥ ಬಿಳಿ ಕೂಲೆಂಟ್ ಸುರೀತಿರುತ್ತೆ. ಕೈ ಅದರಲ್ಲೇ. ಕೈಗವಸು ಹಾಕಿ ತಿರುಗೋ ಜಾಬ್ ಹತ್ತಿರ ಹೋದರೆ ಬೆರಳೇ ಹೋಗುತ್ತೆ, ಅದಕ್ಕೆ ಬರಿಗೈ.

ಮೊದಲು ಬೆರಳ ಸಂದಿಯಲ್ಲಿ ತುರಿಕೆ. ಆಮೇಲೆ ಚರ್ಮ ಒಣಗಿ ಬಿರುಕು. ಆಮೇಲೆ ರಕ್ತ. ಸೂಪರ್‌ವೈಸರ್‌ನ ಕೇಳಿದ್ರಂತೆ: "ಈ ಎಣ್ಣೆಯಲ್ಲಿ ಏನಿದೆ ಸಾರ್?" ಉತ್ತರ: "ಏನೂ ಇಲ್ಲ ಕಣಯ್ಯ. ಎಲ್ಲರೂ ಮಾಡ್ತಿಲ್ವಾ? ನಿಂಗೊಬ್ಬನಿಗೇ ಯಾಕೆ ಬಂತು?" ಪಕ್ಕದವರು ನಕ್ಕರಂತೆ. ಟೀ ಅಂಗಡಿ ಮುಂದೆ ನಾವು ನಕ್ಕೆವಲ್ಲ, ಹಾಗೇ.

ಕಡೆಗೆ ಅಮ್ಮ ಬಲವಂತ ಮಾಡಿ ಚರ್ಮದ ಡಾಕ್ಟರ್ ಹತ್ರ ಕರ್ಕೊಂಡು ಹೋದ್ರು. ನಾನೂ ಜೊತೆಗಿದ್ದೆ. ಡಾಕ್ಟರ್ ಕೈ ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ಯಾವ ಎಣ್ಣೆ ಬಳಸ್ತೀರಿ?"

ಅಪ್ಪ ನನ್ನ ಮುಖ ನೋಡಿದ್ರು. 19 ವರ್ಷ ಅದರಲ್ಲೇ ಕೈ ಅದ್ದಿದವರಿಗೆ ಅದರ ಹೆಸರು ಗೊತ್ತಿರಲಿಲ್ಲ. ಅದು ಬರುತ್ತಿದ್ದದ್ದು ಲೇಬಲ್ ಇಲ್ಲದ ನೀಲಿ ಕ್ಯಾನಲ್ಲಿ.

ಈಗ ಮನೆಯಲ್ಲಿ ಸಾರಿನ ಹುಳಿ ಬಿರುಕಿಗೆ ತಾಗಿದರೆ ಉರಿ. ಅದಕ್ಕೇ ಚಮಚ. ಕೈಯಲ್ಲಿ ಮುದ್ದೆ ಮುರಿದು ಸಾರಲ್ಲಿ ಅದ್ದಿ ನುಂಗೋ ಮನುಷ್ಯ ಚಮಚ ಹಿಡಿದು ಕೂತಿರೋದನ್ನ ನೀವು ನೋಡಬೇಕು.

ಇನ್ನೊಂದು ವಿಷಯ, ಓದುವಾಗ ಮೈ ಜುಂ ಅಂತು. ಹಿಂದೆ ಲೇತ್‌ಗಳಲ್ಲಿ ಕಟಿಂಗ್ ಆಯಿಲ್ ಅಂತ ಬಳಸುತ್ತಿದ್ದವುಗಳಲ್ಲಿ ಹಂದಿ ಕೊಬ್ಬಿನ ಎಣ್ಣೆಯೂ ಒಂದು. ಅಂದರೆ ಸಿಪಾಯಿಯ ತೋಟಾ ಮತ್ತು ಅಪ್ಪನ ಮೆಷಿನ್ ಒಂದೇ ಕುಟುಂಬದವು. ಎರಡಕ್ಕೂ ಬೇಕಾಗಿದ್ದದ್ದು ಲೋಹದ ಮೇಲೆ ಲೋಹ ಜಾರಲು ಒಂದಿಷ್ಟು ಜಿಡ್ಡು. ಎರಡೂ ಕಡೆ ಅದನ್ನು ಮುಟ್ಟುವವನಿಗೆ ಮಾತ್ರ ಅದೇನು ಅಂತ ಹೇಳಲಿಲ್ಲ.

ಭಾಗ 7/8

ಮೊದಲ ಆರು ಭಾಗಕ್ಕೆ ಬಂದ ಕಾಮೆಂಟು, ಡಿಎಂಗಳಿಗೆ ಉತ್ತರ.

"ಅಲ್ಲಿ ಧರ್ಮದ ಪ್ರಶ್ನೆ, ಇಲ್ಲಿ ಚರ್ಮದ ಪ್ರಶ್ನೆ. ಎರಡೂ ಒಂದೇನಾ?" ಕಾರಣ ಬೇರೆ, ಹಕ್ಕು ಒಂದೇ. ನನ್ನ ಬಾಯಿಗೆ, ನನ್ನ ಕೈಗೆ ಏನು ತಾಗುತ್ತೆ ಅಂತ ತಿಳಿಯೋದು ನನ್ನ ಹಕ್ಕು. ತಿಳಿದ ಮೇಲೆ ನಾನು ಧರ್ಮಕ್ಕೆ ಬೇಡ ಅಂತೀನೋ, ಚರ್ಮಕ್ಕೆ ಬೇಡ ಅಂತೀನೋ, ಅದು ಎರಡನೇ ಮಾತು. ಮೊದಲು ಹೇಳಿ.

"ಶೆಡ್ ಓನರ್‌ಗೂ ಗೊತ್ತಿರಲ್ಲ, ಅವರೂ ಬಡವರೇ." ನಿಜ. ಸಣ್ಣ ಓನರ್ ಬೆಳಗ್ಗೆ ಆರ್ಡರ್‌ಗೆ ಓಡಿ, ಸಂಜೆ ಬಡ್ಡಿ ಕಟ್ಟೋ ಮನುಷ್ಯ. ಅಗ್ಗಕ್ಕೆ ಸಿಕ್ಕ ಕ್ಯಾನ್ ತರ್ತಾನೆ. ಆದರೆ 1857ರ ಅಧಿಕಾರಿಗೂ ಗೊತ್ತಿರಲಿಲ್ಲ ಅಂತ ನಾಲ್ಕನೇ ಭಾಗದಲ್ಲಿ ಓದಿದ್ರಿ. "ನನಗೂ ಗೊತ್ತಿಲ್ಲ" ಅನ್ನೋದು ಕ್ಷಮೆ ಕೇಳೋ ಮಾತಾಗಬಹುದು, ಉತ್ತರ ಆಗಲ್ಲ. ಮಾರಿದವನನ್ನು ಕೇಳಬಹುದಲ್ಲ? ಆ ಬಿಳಿ ನೀರಲ್ಲಿ ಎಣ್ಣೆಯಷ್ಟೇ ಇರೋದಿಲ್ಲ. ಬ್ಯಾಕ್ಟೀರಿಯಾ ಬೆಳೆಯದಿರಲು ಬಯೋಸೈಡ್, ತುಕ್ಕು ಹಿಡಿಯದಿರಲು ಅಮೈನ್, ಎಣ್ಣೆ ನೀರಲ್ಲಿ ಬೆರೆಯಲು ಸೋಪಿನಂಥವು ಇರುತ್ತವೆ. ಕಣ್ಣಳತೆಯಲ್ಲಿ ಗಟ್ಟಿಯಾಗಿ ಕಲಸಿದರೆ ಚರ್ಮಕ್ಕೆ ಇನ್ನೂ ಕೆಟ್ಟದ್ದು.

"ನಾವು ಐಟಿ ಕಡೆ, ಇದು ನಮಗೆ ಸಂಬಂಧ ಇಲ್ಲ." ಅಯ್ಯೋ ಸ್ವಾಮಿ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇಂಟರ್ನ್‌ಶಿಪ್ ಮಾಡ್ತಿರೋರೇ, ನಿಮ್ಮ ಫ್ಲೋರ್‌ನ ಟಾಯ್ಲೆಟ್ ತೊಳೆಯೋ ಅಕ್ಕನ ಕೈಯಲ್ಲಿ ಹಳೇ ನೀರಿನ ಬಾಟಲಿ ಇರುತ್ತಲ್ಲ, ಒಳಗೆ ಹಸಿರೋ ನೀಲಿಯೋ ದ್ರಾವಣ. ಅದೇನು ಅಂತ ಒಂದು ಸಲ ಕೇಳಿ. ಅಕ್ಕ ಏನು ಹೇಳ್ತಾರೆ ಅಂತ ನಾನು ಈಗಲೇ ಹೇಳ್ತೀನಿ: "ಅವರು ತುಂಬಿಸಿ ಕೊಡ್ತಾರಪ್ಪ."

"ಹಾಗಾದ್ರೆ ಆ ಟೆಕ್ನಾಲಜಿಯೇ ತಪ್ಪು ಅಂತೀಯಾ?" ಇಲ್ಲ. 1857 ಆದ ಮೇಲೂ ಕಾಗದ ಸುತ್ತಿದ ಗುಂಡು ಸಾಯಲಿಲ್ಲ. 1871ರಲ್ಲಿ ಬಂದ ಮಾರ್ಟಿನಿ-ಹೆನ್ರಿ ರೈಫಲ್‌ನ ಗುಂಡಿಗೂ ಕಾಗದ ಸುತ್ತಿದ್ದರು. ಅಮೆರಿಕದಲ್ಲಿ ಹಳೇ ರೈಫಲ್‌ಗಳ ಗುರಿ ಸ್ಪರ್ಧೆಗೆ ಹೋಗೋರು ಇವತ್ತೂ ತೆಳು ಕಾಗದ ಒದ್ದೆ ಮಾಡಿ ಗುಂಡಿಗೆ ಎರಡು ಸುತ್ತು ಸುತ್ತಿ ಒಣಗಿಸ್ತಾರೆ. ಯಾವ ಕಾಗದ, ಯಾವ ಮೇಣ ಅಂತ ಗಂಟೆಗಟ್ಟಲೆ ಚರ್ಚೆ ಮಾಡ್ತಾರೆ. ತಾವೇ ಸುತ್ತೋರಿಗೆ ಎಲ್ಲ ಗೊತ್ತಿರುತ್ತೆ. ಹಾಗಾಗಿ ತಪ್ಪು ಕಾಗದದ್ದೂ ಅಲ್ಲ, ಕೂಲೆಂಟಿನದ್ದೂ ಅಲ್ಲ. "ನಿನಗ್ಯಾಕೆ ಅದೆಲ್ಲ, ಹೇಳಿದ್ದು ಮಾಡು" ಅನ್ನೋ ಮಾತು ತಪ್ಪು.

ಭಾಗ 8/8

ಇದು ಕೊನೆ. ಇಲ್ಲಿವರೆಗೆ ಬಂದಿದ್ದೀರಿ ಅಂದ್ರೆ ಥ್ಯಾಂಕ್ಸ್.

ಸಿಪಾಯಿಗೆ ಇರದ ಒಂದು ವಸ್ತು ನಮಗಿದೆ: ಕಾನೂನು. 1984ರಲ್ಲಿ ಭೋಪಾಲದಲ್ಲಿ ಅನಿಲ ಸೋರಿತು. ಜನ ಉಸಿರಾಡಿದ್ದು ಏನು ಅಂತ ಚಿಕಿತ್ಸೆ ಕೊಡೋ ಡಾಕ್ಟರಿಗೂ ಸರಿಯಾಗಿ ತಿಳಿಸಿರಲಿಲ್ಲ. ಅದಾದ ಮೇಲೆ 1987ರಲ್ಲಿ ಕಾರ್ಖಾನೆ ಕಾಯ್ದೆಗೆ 111ಎ ಎಂಬ ಕಲಂ ಸೇರಿತು. ತನ್ನ ಆರೋಗ್ಯ, ಸುರಕ್ಷತೆಗೆ ಸಂಬಂಧಿಸಿದ ಮಾಹಿತಿಯನ್ನು ಮಾಲೀಕನಿಂದ ಪಡೆಯುವ ಹಕ್ಕು ಪ್ರತಿ ಕೆಲಸಗಾರನಿಗೂ ಇದೆ ಅಂತ. 2020ರ ಹೊಸ ಔದ್ಯೋಗಿಕ ಸುರಕ್ಷತಾ ಸಂಹಿತೆಯಲ್ಲೂ ಆ ಹಕ್ಕು ಇದೆ. ಅಪ್ಪನಿಗೆ 19 ವರ್ಷವೂ ಈ ಹಕ್ಕಿತ್ತು. ಇದೆ ಅಂತ ಹೇಳೋರು ಯಾರೂ ಇರಲಿಲ್ಲ.

ಮುಂದಿನ ತಿಂಗಳು ನಮ್ಮಲ್ಲಿ ಅರ್ಧ ಜನ ಅಪ್ರೆಂಟಿಸ್ ಆಗಿ ಪೀಣ್ಯದ ಗೇಟುಗಳ ಒಳಗೆ ಹೋಗ್ತೀವಿ. ಮೊದಲ ದಿನ ಮೂರು ಪ್ರಶ್ನೆ ಕೇಳೋಣ.

ಒಂದು: ಇದರ ಹೆಸರೇನು? ಕ್ಯಾನ್ ಮೇಲಿನ ಲೇಬಲ್ ಫೋಟೋ ತೆಗೀರಿ. ಲೇಬಲ್ ಇಲ್ಲದಿದ್ದರೆ, ಇಲ್ಲ ಅನ್ನೋದರ ಫೋಟೋ ತೆಗೀರಿ.

ಎರಡು: ಇದರ ಸುರಕ್ಷತಾ ಮಾಹಿತಿ ಪತ್ರ, ಅಂದರೆ ಎಸ್‌ಡಿಎಸ್, ಎಲ್ಲಿದೆ? ಅದರಲ್ಲಿ 16 ವಿಭಾಗ ಇರುತ್ತವೆ. ಎಲ್ಲ ಓದೋಕಾಗದಿದ್ದರೆ 3, 4, 8 ಓದಿ: ಒಳಗೆ ಏನಿದೆ, ತಾಗಿದರೆ ಮೊದಲು ಏನು ಮಾಡಬೇಕು, ಮೈ ಕಾಪಾಡಿಕೊಳ್ಳೋದು ಹೇಗೆ.

ಮೂರು: ಇದರಿಂದ ಈ ಮುಂಚೆ ಯಾರಿಗಾದರೂ ತೊಂದರೆ ಆಗಿದೆಯಾ? ಇದನ್ನು ಸೂಪರ್‌ವೈಸರ್‌ನ ಕೇಳಬೇಡಿ. ಪಕ್ಕದ ಮೆಷಿನ್‌ನಲ್ಲಿರೋ ವಯಸ್ಸಾದ ಅಣ್ಣನ ಕೇಳಿ. ಅವರು ಬಾಯಲ್ಲಿ ಹೇಳದಿದ್ದರೂ ಕೈ ನೋಡಿದರೆ ಗೊತ್ತಾಗುತ್ತೆ.

ಕೇಳಿದಾಗ ಯಾರಾದರೂ ನಗ್ತಾರೆ, ಖಂಡಿತ. ನಗಲಿ. ಪಕ್ಕದಲ್ಲಿ ನಿಂತಿರೋ ನಾವು ಮಾತ್ರ ನಗೋದು ಬೇಡ. ಕೇಳಿದವನು ಒಬ್ಬನೇ ಆಗಿಬಿಡ್ತಾನಲ್ಲ, ಎಲ್ಲ ಕೆಡೋದು ಅಲ್ಲೇ. ಮೀರತ್‌ನಲ್ಲಿ 85 ಜನ ಒಟ್ಟಿಗೆ ನಿಂತಿದ್ದರು. ನಮ್ಮಪ್ಪ ಒಬ್ಬರೇ ಇದ್ದರು.

ಟೀ ಅಂಗಡಿ ಮುಂದೆ ಜೋಕ್ ಹೊಡೆದವನು ಆರನೇ ಭಾಗ ಓದಿ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದ್ದ. ಸಾರಿ ಗೀರಿ ಏನೂ ಹೇಳಲಿಲ್ಲ. "ಮಗಾ, ನಮ್ಮ ಕಾಲೇಜ್ ವರ್ಕ್‌ಶಾಪಲ್ಲಿ ಲೇತ್ ಹತ್ರ ಒಂದು ಕ್ಯಾನ್ ಇದ್ಯಲ್ಲ, ಅದರ ಮೇಲೆ ಏನು ಬರೆದಿದೆ?" ಅಂದ. ಮೂರು ವರ್ಷದಿಂದ ನಾವಿಬ್ಬರೂ ಅದರಿಂದಲೇ ಕೂಲೆಂಟ್ ಸುರೀತಿದ್ದೀವಿ. ಇಬ್ಬರಿಗೂ ಗೊತ್ತಿರಲಿಲ್ಲ.

ಶುಕ್ರವಾರ ಹೋಗಿ ನೋಡಿದ್ವಿ. ಲೇಬಲ್ ಅರ್ಧ ಹರಿದಿತ್ತು, ಮಿಕ್ಕಿದ್ದು ಎಣ್ಣೆಯಲ್ಲಿ ಅಳಿಸಿಹೋಗಿತ್ತು. ಇನ್‌ಸ್ಟ್ರಕ್ಟರ್ ಸರ್‌ನ ಕೇಳಿದ್ವಿ. ಅವರು ನಗಲಿಲ್ಲ. ಕ್ಯಾನ್ ತಿರುಗಿಸಿ ತಿರುಗಿಸಿ ನೋಡಿ, "ನಂಗೂ ಗೊತ್ತಿಲ್ಲ ಕಣ್ರೋ. ಸೋಮವಾರ ಸಪ್ಲೈ ಮಾಡೋರನ್ನ ಕೇಳಿ ಹೇಳ್ತೀನಿ" ಅಂದ್ರು.

ಸೋಮವಾರ ಏನು ಹೇಳ್ತಾರೋ ಇಲ್ಲೇ ಹಾಕ್ತೀನಿ. ನೀವೂ ನಿಮ್ಮ ಕ್ಯಾನ್ ನೋಡಿ.

#ಇದರಲ್ಲಿ_ಏನಿದೆ #ಪೀಣ್ಯ #1857 #ಎರಡು_ಮಾರ್ಕಿನ_ಉತ್ತರ